ಶನಿವಾರ ಸಂಜೆ ಚರ್ಚ್ ಫೋನ್ ಎತ್ತೋರು ಯಾರು?

1935ರ ಮೇ 11, ಶನಿವಾರ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನ ಮೇಫ್ಲವರ್ ಹೋಟೆಲ್‌ನಲ್ಲಿ ಬಿಲ್ ವಿಲ್ಸನ್ ಎಂಬ ಮನುಷ್ಯ ಚಡಪಡಿಸುತ್ತಾ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ನಂಬಿ ಬಂದಿದ್ದ ವ್ಯವಹಾರ ಕೈಕೊಟ್ಟಿತ್ತು. ಒಂದು ಕಡೆ ಬಾರ್, ಒಳಗಿಂದ ನಗು, ಮಾತು. ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ, ಜೊತೆಗೆ ಫೋನ್. ಆತ ಫೋನ್ ಹತ್ತಿರ ಹೋದ. ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಕರೆ ಮಾಡಿ, ಮಾತಾಡೋಕೆ ನನ್ನಂಥ ಇನ್ನೊಬ್ಬ ಕುಡುಕ ಬೇಕು ಅಂದ. ಟಂಕ್ಸ್ ಕೆಲವರ ಹೆಸರು, ನಂಬರ್ ಕೊಟ್ಟರು. ಆ ಪಟ್ಟಿ ಹಿಡಿದು ಹೋದವನಿಗೆ ಮರುದಿನ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು ಈ ಇಬ್ಬರ ಮಾತುಕತೆಯಿಂದ.

ಟಂಕ್ಸ್ ಆವತ್ತು ಮಾಡಿದ್ದು ಇಷ್ಟೇ: ಫೋನ್ ಎತ್ತಿದರು, ನಂಬರ್ ಕೊಟ್ಟರು. ನಮ್ಮ ಸಭೆಗಳಲ್ಲಿ ಈ ಎರಡಕ್ಕೂ ವ್ಯವಸ್ಥೆ ಇಲ್ಲ, ಬಾಕಿ ಎಲ್ಲಾ ಇದೆ. ಉಪವಾಸ ಪ್ರಾರ್ಥನೆ ಇದೆ, ಬಿಡುಗಡೆ ಕೂಟ ಇದೆ, ಮೈಕು, ಡ್ರಮ್ಸು ಇದೆ.

ನಮ್ಮ ಸಭೆಯ ತಪ್ಪನ್ನೇ ಮೊದಲು ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ಆಟೋ ಓಡಿಸುವ ಒಬ್ಬ ಅಣ್ಣ ಕುಡಿತ ಬಿಟ್ಟು ನಲವತ್ತು ದಿನ ಆಗಿತ್ತು. ನಮಗೆಲ್ಲಾ ಖುಷಿಯೋ ಖುಷಿ. ಭಾನುವಾರ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದೆವು. ಚಪ್ಪಾಳೆ ಬಿತ್ತು. ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿದೆವು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ವಾರಕ್ಕೆ ಆತ ಮತ್ತೆ ಕುಡಿದ. ಆಮೇಲೆ ಎಂಟು ತಿಂಗಳು ಚರ್ಚ್ ಕಡೆ ತಲೆ ಹಾಕಲಿಲ್ಲ. ಬಾರ್‌ಗೆ ಹೋಗೋಕೆ ಅವನಿಗೆ ನಾಚಿಕೆ ಇರಲಿಲ್ಲ, ನಮ್ಮ ಹತ್ತಿರ ಬರೋಕೆ ಇತ್ತು. ಅದನ್ನು ಹುಟ್ಟಿಸಿದವರು ನಾವೇ.

ಕುಡಿತಕ್ಕೆ ಸಿಕ್ಕವರಿಗೆ, ಅವರ ಮನೆಯವರಿಗೆ ಚರ್ಚ್ ಹೇಗೆ ಜೊತೆಯಾಗಬಹುದು ಅಂತ ಆಮೇಲೆ ಒಂದೊಂದಾಗಿ ಕಲಿತಿದ್ದನ್ನು ಕೆಳಗೆ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕಿಲ್ಲ. ಆದರೆ ಮೊದಲ ಮೂರನ್ನು ಮಾಡದೆ ಮುಂದಿನದಕ್ಕೆ ಕೈ ಹಾಕಬೇಡಿ.

ಹೆಜ್ಜೆ 1: ಬಾಯಿ ಬಿಗಿ ಇರುವ ನಾಲ್ಕು ಜನ

ದೊಡ್ಡ ಕಮಿಟಿ ಬೇಡ. ಮೂರ್ನಾಲ್ಕು ಜನ ಸಾಕು. ಸಭೆಯಲ್ಲಿ ಒಬ್ಬರಾದರೂ ನರ್ಸ್ ಇದ್ದೇ ಇರ್ತಾರೆ, ಅವರನ್ನು ಸೇರಿಸಿಕೊಳ್ಳಿ. ಕುಡಿತ ಬಿಟ್ಟು ವರ್ಷಗಳಾದವರು ಇದ್ದರೆ ಅವರು. ಕುಡುಕ ಗಂಡನ ಜೊತೆ ಬಾಳಿ ಗೊತ್ತಿರುವ ಒಬ್ಬ ಹೆಂಗಸು. ಸಭಾಪಾಲಕರು ಜೊತೆಗಿರಲಿ, ಮುಂದಾಳು ಬೇರೆಯವರಾದರೆ ಒಳ್ಳೆಯದು. ಪಾಸ್ಟರ್‌ಗಳಿಗೆ ವರ್ಗಾವಣೆ ಆಗುತ್ತೆ, ಕುಡಿತದ ಸಮಸ್ಯೆಗೆ ಆಗಲ್ಲ.

ಇವರಿಗೆ ಒಂದೇ ಕಟ್ಟುನಿಟ್ಟು: ಕೇಳಿದ್ದು ಹೊರಗೆ ಹೋಗಬಾರದು. ಪ್ರಾರ್ಥನೆಯ ಹೆಸರಲ್ಲೂ ಹೋಗಬಾರದು. ವಾಟ್ಸಾಪ್ ಗುಂಪಿನಲ್ಲಿ 'ನಮ್ಮ ಇಂಥ ಸಹೋದರರು ಮತ್ತೆ ದಾರಿ ತಪ್ಪಿದ್ದಾರೆ, ದಯವಿಟ್ಟು ಪ್ರಾರ್ಥಿಸಿ' ಅಂತ ಹಾಕ್ತಾರಲ್ಲ, ಅದು ಕೈ ಮುಗಿದುಕೊಂಡು ಆಡುವ ಚಾಡಿ. ಹೆಸರು ಹಾಕದೆ ಪ್ರಾರ್ಥಿಸಿದರೂ ದೇವರಿಗೆ ಯಾರು ಅಂತ ಗೊತ್ತಾಗುತ್ತೆ, ಅಲ್ವಾ?

ಹೆಜ್ಜೆ 2: ನಂಬರ್‌ಗಳ ಒಂದು ಹಾಳೆ

ಒಳ್ಳೆಯ ಸಮಾರ್ಯದವನ ಕತೆ ನಮಗೆಲ್ಲಾ ಬಾಯಿಪಾಠ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಅವನು ಗಾಯಕ್ಕೆ ಕಟ್ಟು ಹಾಕಿ, ಗಾಯಾಳುವನ್ನು ಛತ್ರಕ್ಕೆ ಕರೆದುಕೊಂಡು ಹೋದ. ಒಂದು ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ದುಡ್ಡು ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬಂದಾಗ ಕೊಡ್ತೀನಿ ಅಂತ ಹೇಳಿ ತನ್ನ ಕೆಲಸಕ್ಕೆ ಹೋದ. ಎಲ್ಲವನ್ನೂ ತಾನೇ ಮಾಡಲಿಲ್ಲ. ಛತ್ರ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು.

ನಮ್ಮ ಛತ್ರಗಳು ಇವು. ಟೆಲಿ ಮಾನಸ್ 14416: ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಇಪ್ಪತ್ತನಾಲ್ಕು ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಚಟಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರ್ತಾರೆ. ತಾಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಹಾಳೆ ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ನಾಲ್ವರಲ್ಲಿ ಇಬ್ಬರು ಒಂದು ದಿನ ಆಸ್ಪತ್ರೆಗೆ ಹೋಗಿ ಬನ್ನಿ. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕೋಣೆ, ಎಷ್ಟು ಹೊತ್ತು ಕಾಯಬೇಕು, ಏನೇನು ದಾಖಲೆ ಬೇಕು, ನೋಡಿ ಬನ್ನಿ. ನಡುಗುವ ಕೈ ಇರುವ ಮನುಷ್ಯನನ್ನು ಬೆಳಗ್ಗೆ ಎಂಟಕ್ಕೆ ಕರೆದುಕೊಂಡು ಹೋದಾಗ, ಕೌಂಟರ್‌ನಿಂದ ಕೌಂಟರ್‌ಗೆ ಅಲೆಸಿದರೆ ಆತ ಹತ್ತೂವರೆಗೆ ಮಾಯ. ಬಾರ್ ತೆರೆದಿರುತ್ತೆ.

ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ದಾಸರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ ಅಂತ ಅದರಲ್ಲಿದೆ. ಉಳಿದ 37 ಜನರಲ್ಲಿ ಕೆಲವರು ಭಾನುವಾರ ನಮ್ಮ ಹಿಂದಿನ ಬೆಂಚಿನಲ್ಲಿ ಕೂತಿರ್ತಾರೆ.

ಹೆಜ್ಜೆ 3: 'ಇವತ್ತಿಂದಲೇ ಬಿಟ್ಟೆ' ಅಂದರೆ ಮೊದಲು ಡಾಕ್ಟರ್

ಇದನ್ನು ದಯವಿಟ್ಟು ಎರಡು ಸಲ ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ಕೂಟದಲ್ಲಿ ಕೈ ಎತ್ತಿ ಶಪಥ ಮಾಡ್ತಾರೆ. ಮನೆಯವರು ಮೂರು ದಿನ ಕೋಣೆಯಲ್ಲಿ ಇಟ್ಟು ಉಪವಾಸ ಪ್ರಾರ್ಥನೆ ಮಾಡ್ತಾರೆ. ಉದ್ದೇಶ ಒಳ್ಳೆಯದೇ. ದೇಹಕ್ಕೆ ಉದ್ದೇಶ ಗೊತ್ತಾಗಲ್ಲ.

ಕೊನೆಯ ಗ್ಲಾಸ್ ಆಗಿ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ಞಾನ ಏರುಪೇರಾಗುತ್ತೆ. ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುತ್ತೆ, ಇಲ್ಲದವರ ಜೊತೆ ಮಾತಾಡ್ತಾರೆ, ಎಲ್ಲಿದ್ದೀನಿ ಅಂತ ತಿಳಿಯಲ್ಲ, ಮೈ ಸುಡುತ್ತೆ. ನಮ್ಮಲ್ಲಿ ಇದನ್ನು ನೋಡಿದ ತಕ್ಷಣ ಏನಂತಾರೆ ಹೇಳಿ? ದೆವ್ವ ಹೊರಗೆ ಬರ್ತಿದೆ ಅಂತಾರೆ. ಪ್ರಾರ್ಥನೆಯ ದನಿ ಏರುತ್ತೆ, ನಾಲ್ಕು ಜನ ಹಿಡಿದುಕೊಳ್ತಾರೆ. ಆ ಹೊತ್ತಿಗೆ ಬೇಕಾಗಿರೋದು ಆಂಬುಲೆನ್ಸ್. ಪ್ರಾರ್ಥನೆ ಆಂಬುಲೆನ್ಸ್ ಒಳಗೂ ಮಾಡಬಹುದು.

ಆಸ್ಪತ್ರೆಯಲ್ಲಿ ನಿದ್ದೆ, ಫಿಟ್ಸು ಹಿಡಿತಕ್ಕೆ ಬರುವ ಔಷಧಿಯನ್ನು ಅಳತೆ ನೋಡಿ ಕೊಟ್ಟು, ಕೆಲವು ದಿನದಲ್ಲಿ ಇಳಿಸ್ತಾರೆ. ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡ್ತಾರೆ. ಅದು ಕಮ್ಮಿಯಾದರೆ ಮೆದುಳಿಗೇ ಪೆಟ್ಟು. ಈ ಮಾತ್ರೆಗಳನ್ನು 'ನಂಬಿಕೆ ಇದ್ದರೆ ಬಿಟ್ಟುಬಿಡು' ಅಂತ ಯಾರೂ ಹೇಳಕೂಡದು. ಕಟ್ಟಿಹಾಕೋದಂತೂ ಬೇಡವೇ ಬೇಡ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟೋದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಬೀಗ ಹಾಕಿದ ಕೋಣೆ ಅದಕ್ಕಿಂತ ಬಹಳ ದೂರವೇನಲ್ಲ.

ಇನ್ನೊಂದು. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ' ಅನ್ನುವ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ನೋಡಿರ್ತೀರಿ. ಡೈಸಲ್ಫಿರಾಮ್ ಎಂಬ ಔಷಧಿ ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ತಾನು ಅದನ್ನು ತಿಂದಿದ್ದೀನಿ ಅಂತ ಗೊತ್ತೇ ಇಲ್ಲದವನು ಕುಡಿದರೆ ಸಾಯಲೂಬಹುದು. ಗೊತ್ತಿಲ್ಲದ ಪುಡಿಯಲ್ಲಿ ಏನಿದೆಯೋ ಯಾರು ಬಲ್ಲರು. ಕದ್ದು ಕೊಡಬೇಡಿ ಅಂತ ಹೆಂಗಸರ ಕೂಟದಲ್ಲಿ ಬಾಯಿಬಿಟ್ಟು ಹೇಳಿ.

ಹೆಜ್ಜೆ 4: ಗಾಯ ಕೆದಕದೆ ಕೇಳೋದು

ಚಟದ ಹಿಂದೆ ಎಷ್ಟೋ ಸಲ ಹಳೇ ಗಾಯ ಇರುತ್ತೆ. ಅಮೆರಿಕದಲ್ಲಿ 17 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಮೊದಲ ವರದಿ ಬಂದಿದ್ದು 1998ರಲ್ಲಿ. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡುಕರು ಹೀಗೆ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮದ್ಯ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಅಂಥ ಒಂದೂ ಕಷ್ಟ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಜಾಸ್ತಿ ಇತ್ತು. ಹಾಗಂತ ಗಾಯ ಆದವರೆಲ್ಲಾ ಕುಡೀತಾರೆ ಅಂತಲ್ಲ.

ಇದನ್ನು ಓದಿದ ಕೂಡಲೇ 'ನಿಮಗೆ ಚಿಕ್ಕಂದಿನಲ್ಲಿ ಏನಾಯ್ತು ಹೇಳಿ' ಅಂತ ಶುರು ಹಚ್ಚಬೇಡಿ. ಅಳು ಬಂದರೆ ಹಗುರ ಆಗುತ್ತೆ ಅನ್ನೋದು ನಮ್ಮ ನಂಬಿಕೆ. ಬಲವಂತವಾಗಿ ಹೇಳಿಸಿದರೆ ಗಾಯ ಮತ್ತೆ ಬಿಚ್ಚಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯಲ್ಲಿ ಇರೋದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಸರಿಯಾದ ಜಾಗಕ್ಕೆ ಜೋಡಿಸಿ. ನೀರು ಬೇಕಾ? ಊಟ ಆಯ್ತಾ? ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ? ಈ ಮೂರು ಪ್ರಶ್ನೆ ಕೇಳಿ. ಬೈಬಲಿನ ಪ್ರವಾದಿ ಎಲೀಯ ಸಾವು ಬೇಡಿಕೊಂಡು ಮರದ ಕೆಳಗೆ ಮಲಗಿದಾಗ ದೇವದೂತ ತಂದಿದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ ಬಂತು. ದೇವರ ಪ್ರಶ್ನೆ ಬಂದಿದ್ದು ನಲವತ್ತು ದಿನ ಆದ ಮೇಲೆ.

ನಮ್ಮ ಆರಾಧನೆಯನ್ನೂ ಗಾಯಗೊಂಡವರ ಕಣ್ಣಿಂದ ಒಮ್ಮೆ ನೋಡಿ. ಹಿಂದಿನಿಂದ ಬಂದು ತಲೆ ಮೇಲೆ ಕೈ ಇಡ್ತೀವಿ. ಕಣ್ಣು ಮುಚ್ಚಿ ಅಂತೀವಿ. ಸ್ಪೀಕರ್ ಕಿವಿ ಹರಿಯುವಂತೆ ಇರುತ್ತೆ. ನಮ್ಮಲ್ಲಿ ಒಬ್ಬ ಹುಡುಗಿ ಪ್ರತಿ ಸಲ ಪ್ರಾರ್ಥನೆಯ ಹೊತ್ತಿಗೆ ಎದ್ದು ಹೊರಗೆ ಹೋಗ್ತಿದ್ದಳು. ಭಕ್ತಿ ಕಮ್ಮಿ ಅಂದುಕೊಂಡಿದ್ದೆವು. ಹಿಂದಿನಿಂದ ಯಾರಾದರೂ ಮುಟ್ಟಿದರೆ ಅವಳಿಗೆ ಉಸಿರು ಕಟ್ಟುತ್ತೆ ಅಂತ ತಿಳಿಯೋಕೆ ಎರಡು ವರ್ಷ ಬೇಕಾಯ್ತು. ಈಗ ನಮ್ಮಲ್ಲಿ ಮುಟ್ಟುವ ಮುಂಚೆ ಎದುರಿಗೆ ಬಂದು 'ಕೈ ಇಡಲಾ?' ಅಂತ ಕೇಳ್ತಾರೆ. ಬೇಡ ಅಂದರೆ ದೂರ ಕೂತೇ ಪ್ರಾರ್ಥಿಸ್ತಾರೆ. ಪಕ್ಕದ ಬಾಗಿಲು ತೆರೆದಿರುತ್ತೆ, ಅದರ ಹತ್ತಿರದ ಎರಡು ಕುರ್ಚಿ ಯಾವಾಗಲೂ ಖಾಲಿ.

ಯಾರಾದರೂ ಗಾಬರಿಯಿಂದ ನಡುಗ್ತಿದ್ದರೆ ಗುಂಪು ಕಟ್ಟಬೇಡಿ. ಒಬ್ಬರು ಎದುರಿಗೆ ಕೂತು ಮೆಲ್ಲಗೆ ಮಾತಾಡಿ. ಪಾದ ನೆಲಕ್ಕೆ ಊರೋಕೆ ಹೇಳಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಕೇಳಿ: ಫ್ಯಾನು, ಬೆಂಚು, ಕಿಟಕಿ... ಈಗ, ಇಲ್ಲಿ ಇದ್ದೀನಿ ಅನ್ನೋದು ಮನಸ್ಸಿಗೆ ನಿಧಾನಕ್ಕೆ ಗೊತ್ತಾಗುತ್ತೆ.

ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳೋಕೆ ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, 14416ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ. ಹಳ್ಳಿಯಾದರೆ ಮನೆಯಲ್ಲಿರುವ ಕೀಟನಾಶಕದ ಡಬ್ಬ ಆವತ್ತೇ ಬೇರೆಯವರ ಮನೆಗೆ ಹೋಗಲಿ.

ಹೆಜ್ಜೆ 5: ಹೆಂಡತಿ, ಮಕ್ಕಳು

ಕುಡುಕನ ಸುತ್ತ ಹತ್ತು ಜನ ಸೇರ್ತಾರೆ. ಆತನ ಹೆಂಡತಿಗೆ ಸಿಗೋದು ಉಪದೇಶ. ಕ್ಷಮಿಸು, ಹೊಂದಿಕೊಂಡು ಹೋಗು, ನಿನ್ನ ಪ್ರಾರ್ಥನೆ ಸಾಲದು. ಹೊಡೆತ ತಿಂದು ಬಂದವಳಿಗೆ ಈ ಮಾತು ಆಡಿ ಅದೇ ಮನೆಗೆ ವಾಪಸ್ ಕಳಿಸೋದು ಕ್ಷಮೆಯ ಪಾಠ ಅಲ್ಲ. ಮೊದಲು ಆಕೆ ಸುರಕ್ಷಿತವಾಗಿ ಇದ್ದಾಳಾ ಅಂತ ನೋಡಿ. 181ರ ಬಗ್ಗೆ, ಹಿಂಸೆಗೊಳಗಾದ ಹೆಂಗಸರಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರದ ಬಗ್ಗೆ ಹೇಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕೂ, ರಕ್ಷಣೆಯ ಆದೇಶವೂ ಇದೆ. ಏನು ಮಾಡಬೇಕು ಅನ್ನೋದು ಆಕೆಯ ನಿರ್ಧಾರ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಪಂಚಾಯ್ತಿ ಮಾಡಬೇಡಿ. ಅಲ್ಲಿ ಆಡಿದ ಒಂದೊಂದು ಮಾತಿನ ಲೆಕ್ಕ ರಾತ್ರಿ ಮನೆಯಲ್ಲಿ ಚುಕ್ತಾ ಆಗುತ್ತೆ.

ಸಂಡೇ ಸ್ಕೂಲ್ ಟೀಚರ್‌ಗಳಿಗೆ ಹೆಚ್ಚು ಕಾಣುತ್ತೆ. ತಿಂಡಿ ಹೊತ್ತಿಗೆ ಎರಡು ಪ್ಲೇಟ್ ಕೇಳುವ ಮಗು, ಗಂಡು ದನಿ ಏರಿದರೆ ಬೆಂಚಿನ ಕೆಳಗೆ ಇಳಿಯುವ ಮಗು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಸಭೆಯೊಳಗೇ ಇತ್ಯರ್ಥ ಮಾಡೋ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಆರೋಪಿ ಹಿರಿಯರಾಗಿರಲಿ, ಗಾಯನ ತಂಡದವರಾಗಿರಲಿ, ನಿಯಮ ಒಂದೇ.

ಹೆಜ್ಜೆ 6: ಹಾಲ್‌ನ ಬೀಗದ ಕೈ ಕೊಡಿ

ಬಹುಶಃ ಚರ್ಚ್ ಮಾಡಬಹುದಾದ ಅತಿ ಸುಲಭದ, ಅತಿ ಉಪಯೋಗದ ಕೆಲಸ ಇದು. ವಾರದಲ್ಲಿ ಐದು ದಿನ ನಮ್ಮ ಹಾಲ್‌ಗಳು ಬೀಗ ಹಾಕಿಕೊಂಡು ಬಿದ್ದಿರ್ತವೆ. ಒಂದು ಸಂಜೆ ಎಎ ಗುಂಪಿಗೆ ಕೊಡಿ. ಹತ್ತಿರದಲ್ಲಿ ಗುಂಪು ಇಲ್ಲದಿದ್ದರೆ ಪಕ್ಕದ ಊರಿನವರನ್ನು ಕರೆಸಿ ಮಾತಾಡಿ. ಕುಟುಂಬದವರಿಗೆ ಆಲ್-ಅನಾನ್ ಅಂತ ಬೇರೆಯೇ ಗುಂಪು ಇದೆ.

ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರೋಕೆ ಅವರು ಪಾಲಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತೆ, ಆದರೆ ಅವರವರು ತಿಳಿದಂತೆ. ಬರುವವರಲ್ಲಿ ಹಿಂದೂಗಳು, ಮುಸ್ಲಿಮರು, ದೇವರನ್ನೇ ನಂಬದವರು ಇರ್ತಾರೆ. ಆದ್ದರಿಂದ ಬಾಗಿಲಲ್ಲಿ ಕರಪತ್ರ ಹಿಡಿದು ನಿಲ್ಲಬೇಡಿ. ಕೊನೆಗೆ ಒಂದು ಸಣ್ಣ ಪ್ರಾರ್ಥನೆ ಅಂತ ಪಾಸ್ಟರ್ ಒಳಗೆ ನುಗ್ಗೋದೂ ಬೇಡ. ಅವರು ತಮ್ಮ ಖರ್ಚು ತಾವೇ ನೋಡಿಕೊಳ್ತಾರೆ, ಅದು ಅವರ ಸಂಪ್ರದಾಯ. ಬಾಡಿಗೆ ಅಂತ ಸ್ವಲ್ಪ ಕೊಟ್ಟರೆ ತಗೊಳ್ಳಿ, ಅದು ಅವರ ಮರ್ಯಾದೆಯ ಪ್ರಶ್ನೆ. ಒಂದು ಸೂಚನೆ: ಹಾಲ್‌ಗೆ ರಸ್ತೆ ಕಡೆಯ ಬಾಗಿಲು ಬಿಟ್ಟು ಬೇರೆ ಬಾಗಿಲು ಇದ್ದರೆ ಅದನ್ನೇ ತೆರೆಯಿರಿ.

ಹೆಜ್ಜೆ 7: ದ್ರಾಕ್ಷಾರಸ, ಕೇಕು, ಮದುವೆ

ಪ್ರಭುಭೋಜನದ ಪಾತ್ರೆಯಲ್ಲಿ ಇರೋದು ನಿಜವಾದ ವೈನ್ ಆದರೆ, ಬಿಟ್ಟವನಿಗೆ ಆ ವಾಸನೆಯೇ ಸಾಕು. ಡೈಸಲ್ಫಿರಾಮ್ ತಗೊಳ್ಳುವವನಿಗೆ ಒಂದು ಗುಟುಕೂ ತೊಂದರೆ. ಅಮೆರಿಕದ ಮೆಥೊಡಿಸ್ಟ್ ಥಾಮಸ್ ವೆಲ್ಚ್ ಹುಳಿಯದ ದ್ರಾಕ್ಷಿ ರಸವನ್ನು ಇದಕ್ಕೆಂದೇ 1869ರಲ್ಲಿ ತಯಾರಿಸಿದ್ದ. ನಿಮ್ಮ ಸಭೆಯ ನಿಯಮ ಒಪ್ಪಿದರೆ ಎಲ್ಲರಿಗೂ ಅದನ್ನೇ ಕೊಡಿ. ಒಬ್ಬನಿಗೆ ಮಾತ್ರ ಬೇರೆ ಲೋಟ ಕೊಟ್ಟರೆ ಇಡೀ ಸಭೆಗೆ ವಿಷಯ ಹೇಳಿದಂತೆ. ಕಥೋಲಿಕರಲ್ಲಿ ರೊಟ್ಟಿಯ ರೂಪದಲ್ಲಿ ಮಾತ್ರ ಪರಮಪ್ರಸಾದ ಪಡೆದರೂ ಪೂರ್ತಿಯೇ, ಅಲ್ಲಿ ವಿಶ್ವಾಸಿಗಳಿಗೆ ಈ ತೊಡಕು ಇಲ್ಲ.

ಡಿಸೆಂಬರ್ ಇನ್ನೂ ಕಷ್ಟ. ಮನೆಮನೆಯಲ್ಲಿ ವೈನ್, ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕು, ಮದುವೆಯಲ್ಲಿ ಟೋಸ್ಟು. 'ಇದರಲ್ಲಿ ಏನಿದೆ ಮಾರಾಯ, ಹಬ್ಬಕ್ಕೆ ಒಂದು ಗುಟುಕು' ಅನ್ನೋರು ಹೊರಗಿನವರಲ್ಲ, ನಮ್ಮ ಚಿಕ್ಕಪ್ಪ, ಮಾವಂದಿರೇ. ಚರ್ಚ್ ಕಾರ್ಯಕ್ರಮದಲ್ಲಾದರೂ ರಮ್ ಇಲ್ಲದ ಕೇಕ್ ಇರಲಿ. ಕ್ಯಾರಲ್ಸ್‌ಗೆ ಹೋಗುವ ಮನೆಯವರಿಗೆ ಮುಂಚೆಯೇ 'ನಮಗೆ ಕಾಫಿ ಸಾಕು' ಅಂತ ಹೇಳಿಬಿಡಿ.

ಹೆಜ್ಜೆ 8: ಮತ್ತೆ ಕುಡಿದಾಗ

ಮತ್ತೆ ಕುಡಿಯುವ ಸಾಧ್ಯತೆ ಇದ್ದೇ ಇದೆ. ಅದಕ್ಕೆ ಮುಂಚೆಯೇ ತಯಾರಾಗಿ. ಸಮಾಧಾನವಾಗಿ ಇರುವಾಗಲೇ ಆತನ ಹತ್ತಿರ ಕೇಳಿ: 'ಮತ್ತೆ ಹಾಗಾದರೆ ನಾವು ಯಾರು ಬರಬೇಕು? ಯಾರಿಗೆ ಫೋನ್ ಮಾಡ್ತೀರಿ?' ಆ ಹೆಸರು ಬರೆದಿಡಿ. ಕುಡಿದ ಮತ್ತಿನಲ್ಲಿ ಇರುವಾಗ ಬುದ್ಧಿ ಹೇಳಬೇಡಿ, ಗಾಳಿಗೆ ಗುದ್ದಿದ ಹಾಗೆ. ಮರುದಿನ ಹೋಗಿ, ಕಾಫಿ ಕುಡಿದು, ಡಾಕ್ಟರ್ ಹತ್ತಿರ ಹೋಗೋಣ ಅನ್ನಿ.

ಕುಡಿತ ಬಿಟ್ಟು ಒಂದು ವರ್ಷ ಆಗುವವರೆಗೂ ನಮ್ಮಲ್ಲಿ ಈಗ ವೇದಿಕೆ ಸಾಕ್ಷಿ ಇಲ್ಲ. ಕೈಗೆ ನಗದು ಕೊಡಲ್ಲ, ಮಕ್ಕಳ ಶಾಲೆ ಫೀಸು ಶಾಲೆಗೇ ಕಟ್ಟುತ್ತೇವೆ, ರೇಷನ್ ಹೆಂಡತಿಯ ಕೈಗೆ. ಕಾಣಿಕೆ ಎಣಿಸುವ ಕೆಲಸ ಕೊಟ್ಟು 'ನಿನ್ನ ಮೇಲೆ ನಂಬಿಕೆ ಇದೆ' ಅಂತ ಪರೀಕ್ಷೆ ಮಾಡೋದು ತಪ್ಪು. ಕುರ್ಚಿ ಹಾಕುವ ಕೆಲಸ ಕೊಡಿ. ಬಿದ್ದರೂ ಆ ಕೆಲಸ ಕಸಿದುಕೊಳ್ಳಬೇಡಿ.

ಇನ್ನು ಆ ನಾಲ್ಕು ಜನ. ರಾತ್ರಿ ಫೋನ್ ಎತ್ತಿ, ಆಸ್ಪತ್ರೆ ಅಲೆದು ಅವರೂ ಸುಸ್ತಾಗ್ತಾರೆ. ಸರದಿ ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಕೂತು ಊಟ ಮಾಡಿ.

ನಮ್ಮ ಆಟೋ ಅಣ್ಣ ಎಂಟು ತಿಂಗಳಾದ ಮೇಲೆ ಬಂದ. ಭಾನುವಾರ ಅಲ್ಲ, ಗುರುವಾರ, ಎಎ ಸಂಜೆಗೆ, ಹಿಂದಿನ ಬಾಗಿಲಿಂದ. ಹಾಲ್‌ನಲ್ಲಿ ಕುರ್ಚಿ ಹಾಕೋದು ಈಗ ಅವನೇ. ಆಫೀಸ್ ಫೋನ್ ಸಂಜೆ ಆರರ ಮೇಲೆ ನಾಲ್ವರಲ್ಲಿ ಒಬ್ಬರ ಮೊಬೈಲ್‌ಗೆ ಹೋಗುತ್ತೆ, ಶನಿವಾರ ನನ್ನ ಸರದಿ. ಮುಕ್ಕಾಲು ಪಾಲು ಕರೆ, ನಾಳೆ ಆರಾಧನೆ ಎಷ್ಟು ಗಂಟೆಗೆ ಅಂತ ಕೇಳೋಕೆ. ಕೆಲವರು ಏನೂ ಮಾತಾಡದೆ ಇಟ್ಟುಬಿಡ್ತಾರೆ. ಅಂಥವರಿಗೆ ಹತ್ತು ನಿಮಿಷ ಬಿಟ್ಟು ನಾನೇ ವಾಪಸ್ ಮಾಡ್ತೀನಿ.